ಹಿಂಬದಿಯಲ್ಲಿ ರೊಕೊತೊವ್ ಎಂದು ಬರೆದಿದೆ, ಚಿತ್ರ ಅವನದೇನಾ?

ಪ್ರಶ್ನೆ: ನಾನು ಹಾಸನದ ಕಡೆಯವಳು. ಮದುವೆಯಾಗಿ ಬರ್ಲಿನ್‌ನಲ್ಲಿ ನೆಲೆಸಿದ್ದೇನೆ, ಗಂಡ ಜರ್ಮನ್. ಅವರ ಅಜ್ಜಿ ತೀರಿಕೊಂಡ ಮೇಲೆ ಒಂದು ಹಳೆಯ ತೈಲಚಿತ್ರ ನಮ್ಮ ಮನೆಗೆ ಬಂತು. ಮೊಟ್ಟೆಯಾಕಾರದ ಕ್ಯಾನ್ವಾಸ್, ಎತ್ತರ 62 ಸೆಂ.ಮೀ., ಅಗಲ 49 ಸೆಂ.ಮೀ. ಸುಮಾರು ಇಪ್ಪತ್ತು ವರ್ಷದ ಹುಡುಗಿ. ಬೂದು ಬಣ್ಣದ ಕೂದಲು, ಕಿವಿಯ ಎರಡೂ ಕಡೆ ದಪ್ಪ ಸುರುಳಿ, ಕತ್ತಿನ ಸುತ್ತ ಬಿಳಿ ಲೇಸ್. ಎದೆಯ ಮೇಲೆ ತಿಳಿನೀಲಿ ರಿಬ್ಬನ್ನಿನ ಗಂಟು, ಅದರ ಮೇಲೆ ಹೊಳೆಯುವ ಒಂದು ಒಡವೆ. ಕೈಯಲ್ಲಿ ಗುಲಾಬಿ. ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ರಷ್ಯನ್ ಅಕ್ಷರಗಳಿವೆ. ಪರಿಚಯದವರೊಬ್ಬರು 'ರೊಕೊತೊವ್' ಎಂದು ಓದಿದರು. ಮನೆಯವರೆಲ್ಲ ಈಕೆಯನ್ನು 'ಫ್ಯೂರ್ಸ್ಟಿನ್ ಗೊಲಿತ್ಸಿನ್' ಎನ್ನುತ್ತಾರೆ. ಅಜ್ಜ ಇದನ್ನು ಬರ್ಲಿನ್‌ನಲ್ಲಿ ರಷ್ಯದವರೊಬ್ಬರಿಂದ ಕೊಂಡರಂತೆ. ಯಾವ ವರ್ಷ ಎಂದು ಯಾರಿಗೂ ನೆನಪಿಲ್ಲ. ಆರು ಫೋಟೋ ಕಳಿಸಿದ್ದೇನೆ. ಇದು ನಿಜವಾಗಿ ರೊಕೊತೊವ್ ಬರೆದ ಚಿತ್ರವೇ? ಈ ಹುಡುಗಿ ಯಾರು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಫೋಟೋಗಳನ್ನು ನೋಡಿದ ಮೇಲೆ ನನಗೆ ಇದು 18ನೇ ಶತಮಾನದ ರಷ್ಯನ್ ಭಾವಚಿತ್ರಕಾರ ಫ್ಯೋದೊರ್ ರೊಕೊತೊವ್ ಕೈಯ ಚಿತ್ರ ಅನಿಸುತ್ತಿಲ್ಲ. ಆದರೆ ಚಿತ್ರ ಹಳೆಯದೇ ಇರುವಂತಿದೆ. 1780ರ ದಶಕದ್ದು ಎಂದು ನನ್ನ ಅಂದಾಜು. ಹುಡುಗಿ ಯಾರು ಎಂದು ಹುಡುಕಲು ಚಿತ್ರದೊಳಗೇ ಒಂದು ಒಳ್ಳೆಯ ಸುಳಿವಿದೆ. ನಿಮ್ಮ ಮನೆಯವರು ಹೇಳುವ ಹೆಸರಿಗೂ ಆ ಸುಳಿವಿಗೂ ಹೊಂದುವುದಿಲ್ಲ. ಜೊತೆಗೆ, ಹಿಂಬದಿಯ ಪೆನ್ಸಿಲ್ ಬರಹ ನೀವು ಕೇಳದೇ ಇರುವ ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ಅದನ್ನೂ ಹೇಳದೆ ಬಿಡಲಾರೆ.

ನೀವು ಮುಂಬದಿಯ ಫೋಟೋ ಐದು ಕಳಿಸಿದ್ದೀರಿ, ಹಿಂಬದಿಯದು ಒಂದೇ. ಎಲ್ಲರೂ ಹೀಗೇ ಮಾಡುತ್ತಾರೆ. ಮುಖ ಚೆನ್ನಾಗಿದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಹಳೆಯ ಚಿತ್ರ ನನ್ನ ಮೇಜಿಗೆ ಬಂದಾಗ ನಾನು ಮೊದಲು ಅದನ್ನು ಮಗುಚಿ ಹಾಕುತ್ತೇನೆ. ನಮ್ಮ ಕಡೆ ಅಜ್ಜ ಅಜ್ಜಿಯ ಹಳೆ ಫೋಟೋ ಸಿಕ್ಕರೆ ಹಿಂದೆ ಸ್ಟುಡಿಯೋ ಮುದ್ರೆ ಇದೆಯಾ ಎಂದು ತಿರುಗಿಸಿ ನೋಡುತ್ತೇವಲ್ಲ, ಹಾಗೆ.

ನಿಮ್ಮ ಆ ಒಂದು ಫೋಟೋದಲ್ಲಿ ಪೆನ್ಸಿಲ್ ಬರಹ ಸ್ಪಷ್ಟವಾಗಿದೆ. ರಷ್ಯನ್ ಅಕ್ಷರದಲ್ಲಿ ರೊಕೊತೊವ್ ಎಂದೇ ಇದೆ. ನಿಮ್ಮ ಪರಿಚಯದವರು ಸರಿಯಾಗಿಯೇ ಓದಿದ್ದಾರೆ. ಈಗ ಅಕ್ಷರಗಳನ್ನು ಎಣಿಸಿ. ಏಳು ಇವೆ. 1918ಕ್ಕೆ ಮೊದಲು ಆ ಹೆಸರನ್ನು ಎಂಟು ಅಕ್ಷರದಲ್ಲಿ ಬರೆಯುತ್ತಿದ್ದರು. ಆಗಿನ ರಷ್ಯನ್ ಬರಹದಲ್ಲಿ ವ್ಯಂಜನದಿಂದ ಮುಗಿಯುವ ಪದದ ಕೊನೆಗೆ 'ಯೆರ್' ಎಂಬ ಅಕ್ಷರ ಸೇರಿಸಬೇಕಿತ್ತು. ಓದುವಾಗ ಅದಕ್ಕೆ ಸದ್ದಿಲ್ಲ, ಬರೆಯುವಾಗ ಬಿಡುವಂತಿಲ್ಲ. ಕ್ರಾಂತಿಯ ನಂತರ ಕಾಗುಣಿತ ಬದಲಾಯಿಸಿದಾಗ ಕೊನೆಯ ಯೆರ್ ಹೋಯಿತು. ದೇಶ ಬಿಟ್ಟು ಬರ್ಲಿನ್, ಪ್ಯಾರಿಸ್ ಸೇರಿದ ಹಳೆಯ ಮನೆತನಗಳವರು ಮಾತ್ರ ಬಹಳ ವರ್ಷ ಹಳೆಯ ಕಾಗುಣಿತವನ್ನೇ ಹಿಡಿದುಕೊಂಡಿದ್ದರು. ಹೊಸದು ಅವರಿಗೆ ಬೊಲ್ಶೆವಿಕರ ಕಾಗುಣಿತ.

ಹಾಗಾಗಿ ಈ ಹೆಸರನ್ನು ಬರೆದದ್ದು ಚಿತ್ರಕಾರನಲ್ಲ, ಹುಡುಗಿಯ ಮನೆಯವರೂ ಅಲ್ಲ. 1918ರ ನಂತರ, ಹೊಸ ಕಾಗುಣಿತ ಬಳಸುವ ಯಾರೋ ಬರೆದಿದ್ದಾರೆ. ಅದನ್ನು ಸಹಿ ಎಂದು ನೋಡಬೇಡಿ. ಯಾರೋ ಒಬ್ಬರ ಅಭಿಪ್ರಾಯ ಅದು. ಅವರು ಜಾಣರೂ ಆಗಿರಬಹುದು, ಸುಮ್ನೆ ಊಹಿಸಿದವರೂ ಆಗಿರಬಹುದು.

ಯಾರಿರಬಹುದು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ರಷ್ಯದ ಇಂಥ ಒಂದು ಚಿತ್ರ ಬರ್ಲಿನ್ ಸೇರಲು ಮುಖ್ಯವಾಗಿ ಮೂರು ದಾರಿಗಳಿದ್ದವು. ಒಂದು, ಕ್ರಾಂತಿಯ ನಂತರ ಓಡಿಬಂದವರ ಪೆಟ್ಟಿಗೆ. 1920ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಲಕ್ಷಗಟ್ಟಲೆ ರಷ್ಯನ್ನರಿದ್ದರು. ತಂದದ್ದನ್ನು ಒಂದೊಂದಾಗಿ ಮಾರಿ ಬದುಕಿದವರು ಅವರಲ್ಲಿ ಬಹಳ. ನಿಮ್ಮ ಮನೆಯ ಕತೆ ಇದಕ್ಕೆ ಹೊಂದುತ್ತದೆ. ಎರಡನೆಯದು, ಸೋವಿಯತ್ ಸರ್ಕಾರ ತಾನೇ ಮಾಡಿದ ಮಾರಾಟ. ಜಮೀನ್ದಾರರ ಬಂಗಲೆ, ಅರಮನೆಗಳಿಂದ ವಶಪಡಿಸಿಕೊಂಡ ವಸ್ತುಗಳನ್ನು ಅದು 1920ರ ದಶಕದ ಕೊನೆಯಲ್ಲಿ ವಿದೇಶಿ ಹಣಕ್ಕಾಗಿ ಹೊರಗೆ ಮಾರಿತು. 1928ರ ನವೆಂಬರ್‌ನಲ್ಲಿ ಬರ್ಲಿನ್‌ನ ರುಡಾಲ್ಫ್ ಲೆಪ್ಕೆ ಹರಾಜು ಮನೆಯಲ್ಲೇ ಅಂಥ ದೊಡ್ಡ ಹರಾಜು ನಡೆಯಿತು. ಹೊಸ ಕಾಗುಣಿತದ ಪೆನ್ಸಿಲ್ ಬರಹ ಈ ದಾರಿಗೆ ಚೆನ್ನಾಗಿ ಒಪ್ಪುತ್ತದೆ.

ಮೂರನೆಯದು ಹೇಳಲು ಕಷ್ಟ, ಆದರೂ ಹೇಳಬೇಕು. 1941ರ ಸೆಪ್ಟೆಂಬರ್‌ನಿಂದ 1944ರ ಜನವರಿವರೆಗೆ ಲೆನಿನ್‌ಗ್ರಾದ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಸುತ್ತಲಿನ ಗಾಚಿನಾ, ಪಾವ್ಲೊವ್‌ಸ್ಕ್, ಪುಷ್ಕಿನ್ ಊರುಗಳ ಅರಮನೆಗಳು ಜರ್ಮನ್ ಸೈನ್ಯದ ಕೈಯಲ್ಲಿದ್ದವು. ಅಲ್ಲಿ ಲೂಟಿ ನಡೆಯಿತು. ಆ ಅರಮನೆಗಳು ಆಗ ಸೋವಿಯತ್ ಮ್ಯೂಸಿಯಮ್‌ಗಳು. ಅಲ್ಲಿನ ನೌಕರರು ಬರೆಯುತ್ತಿದ್ದದ್ದು ಏಳು ಅಕ್ಷರದ ರೊಕೊತೊವ್.

ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಯಾವ ದಾರಿಯಲ್ಲಿ ಬಂತು ಎಂದು ಫೋಟೋ ನೋಡಿ ಹೇಳಲು ಆಗುವುದಿಲ್ಲ. ಆದರೆ ಚಿತ್ರ ಯಾರದು ಎಂಬುದಕ್ಕಿಂತ ಮೊದಲು ಇದನ್ನು ನೋಡಿಕೊಳ್ಳಿ. ಮ್ಯಾಗ್ಡೆಬರ್ಗ್‌ನಲ್ಲಿರುವ ಜರ್ಮನ್ ಸಂಸ್ಥೆ ನಡೆಸುವ 'ಲಾಸ್ಟ್ ಆರ್ಟ್' ಎಂಬ ದತ್ತಾಂಶವನ್ನು ಯಾರು ಬೇಕಾದರೂ ತೆರೆದು ಹುಡುಕಬಹುದು. ಯುದ್ಧದಲ್ಲಿ ಕಳೆದುಹೋದ ವಸ್ತುಗಳ ಪಟ್ಟಿಯನ್ನು ರಷ್ಯದ ಸರ್ಕಾರವೂ ಹಲವು ಸಂಪುಟಗಳಲ್ಲಿ ಅಚ್ಚು ಹಾಕಿದೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ 1945ರವರೆಗಿನ ಸಾವಿರಾರು ಜರ್ಮನ್ ಹರಾಜು ಕ್ಯಾಟಲಾಗ್‌ಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ನಿಮ್ಮ ಗಂಡ ಜರ್ಮನ್ ಓದುತ್ತಾರೆ, ನಾಲ್ಕು ಸಂಜೆ ಕೂತರೆ ಬಹಳಷ್ಟು ನೋಡಬಹುದು. ಅಜ್ಜನ ಹಳೆಯ ಕಾಗದಪತ್ರ, ರಸೀದಿ, ವಿಮೆಯ ಪತ್ರ ಯಾವುದನ್ನೂ ಎಸೆಯಬೇಡಿ. ಕೊಂಡ ವರ್ಷವೊಂದು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಹಿಂಬದಿಯಲ್ಲಿ ಇನ್ನೇನು ಹುಡುಕಬೇಕು? ಅಂಟಿಸಿದ ಚೀಟಿ, ಅರಗಿನ ಮುದ್ರೆ, ಕೆಂಪು ಬಣ್ಣದಲ್ಲಿ ಬರೆದ ಸಂಖ್ಯೆ. 1905ರಲ್ಲಿ ಸೆರ್ಗೆಯ್ ದ್ಯಾಗಿಲೆವ್ ಪೀಟರ್ಸ್‌ಬರ್ಗ್‌ನ ತವ್ರೀಚೆಸ್ಕಿ ಅರಮನೆಯಲ್ಲಿ ರಷ್ಯನ್ ಭಾವಚಿತ್ರಗಳ ಒಂದು ಪ್ರದರ್ಶನ ನಡೆಸಿದ. ಮುಂದೆ ಬ್ಯಾಲೆ ತಂಡ ಕಟ್ಟಿ ಜಗತ್ತಿಗೆಲ್ಲ ಹೆಸರಾದ ದ್ಯಾಗಿಲೆವ್ ಇವನೇ. ಹಳ್ಳಿಗಾಡಿನ ಬಂಗಲೆಗಳನ್ನೆಲ್ಲ ಸುತ್ತಿ ಎರಡು ಸಾವಿರಕ್ಕೂ ಜಾಸ್ತಿ ಚಿತ್ರಗಳನ್ನು ಒಂದೆಡೆ ತಂದಿದ್ದ. ಮುಂದಿನ ಗಲಭೆಗಳಲ್ಲಿ ಎಷ್ಟೋ ಬಂಗಲೆ ಸುಟ್ಟುಹೋದವು, ಚಿತ್ರಗಳೂ ಹೋದವು. ಆ ಪ್ರದರ್ಶನದ ಚೀಟಿ ಹಿಂದೆ ಉಳಿದಿರುವ ಚಿತ್ರ ಸಿಕ್ಕರೆ ಕ್ಯಾಟಲಾಗ್ ತೆಗೆದು ಆಗ ಅದು ಯಾರ ಮನೆಯಲ್ಲಿತ್ತು ಎಂದೇ ಹೇಳಬಹುದು. ಒಂದು ಚೀಟಿಗಾಗಿ ಕಟ್ಟಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡುವುದು ಇದಕ್ಕೇ.

ಕೆಲವೊಮ್ಮೆ ಹಿಂಬದಿ ಚಿತ್ರದಷ್ಟೇ ಸುಂದರ. ದ್ಮಿತ್ರಿ ಲೆವಿತ್ಸ್ಕಿ 1778ರಲ್ಲಿ ಬರೆದ ಮರಿಯಾ ದ್ಯಾಕೊವಾಳ ಚಿತ್ರ ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಯಲ್ಲಿದೆ. ಅದರ ಹಿಂದೆ ಫ್ರೆಂಚ್ ರಾಯಭಾರಿ ಸೆಗ್ಯೂರ್ ಆಕೆಯನ್ನು ಹೊಗಳಿ ಬರೆದ ಫ್ರೆಂಚ್ ಪದ್ಯವಿದೆ. ಅವನು ಪೀಟರ್ಸ್‌ಬರ್ಗ್‌ಗೆ ಬಂದದ್ದು 1785ರಲ್ಲಿ. ಅಂದರೆ ಚಿತ್ರ ಮುಗಿದು ವರ್ಷಗಳಾದ ಮೇಲೆ ಸೇರಿದ ಪದ್ಯ ಅದು. ಹಿಂದಿನ ಬರಹ ಅಸಲಿಯೇ ಆಗಿದ್ದರೂ ಚಿತ್ರದ ಜೊತೆಯಲ್ಲೇ ಹುಟ್ಟಿರಬೇಕಿಲ್ಲ, ಅಲ್ವಾ.

ನಿಮ್ಮ ಕ್ಯಾನ್ವಾಸಿನ ಹಿಂದೆ ಇನ್ನೊಂದು ಬಟ್ಟೆ ಅಂಟಿಸಿದಂತೆ ಕಾಣುತ್ತದೆ. ಹಳೆಯ ಬಟ್ಟೆ ಬಲ ಕಳೆದುಕೊಂಡಾಗ ಹೀಗೆ ಮಾಡುತ್ತಿದ್ದರು. ಮೂಲ ಕ್ಯಾನ್ವಾಸ್ ಮೇಲಿನ ಬರಹವಿದ್ದರೆ ಈಗ ಎರಡು ಬಟ್ಟೆಗಳ ನಡುವೆ ಮುಚ್ಚಿಹೋಗಿರುತ್ತದೆ. ಅದನ್ನು ಕಿತ್ತು ನೋಡುವ ಆಸೆ ಬೇಡ. ಇನ್‌ಫ್ರಾರೆಡ್ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಕೆಲವೊಮ್ಮೆ ಆ ಬರಹ ಕಾಣಿಸಿಕೊಳ್ಳುತ್ತದೆ.

ಈಗ ಹುಡುಗಿಯ ಕಡೆ ಬರೋಣ.

ಬೂದು ಕೂದಲು ವಯಸ್ಸಿನದಲ್ಲ, ಪೌಡರಿನದು. ನನಗೆ ಕಾಲ ಹೇಳುವುದು ಕೂದಲ ಆಕಾರ. 1750ರ ದಶಕದಲ್ಲಿ ಕೂದಲು ತಲೆಗೆ ಅಂಟಿದಂತೆ ಚಿಕ್ಕದಾಗಿ ಇರುತ್ತಿತ್ತು. 1770ರ ದಶಕದಲ್ಲಿ ಗೋಪುರದಂತೆ ಮೇಲೇರಿತು. 1780ರ ದಶಕದಲ್ಲಿ ಎತ್ತರ ಇಳಿದು ಅಗಲವಾಯಿತು, ಪಕ್ಕದಲ್ಲಿ ದಪ್ಪ ಸುರುಳಿಗಳು ಬಂದವು. 1790ರ ದಶಕದ ಕೊನೆಗೆ ಪೌಡರ್ ಹೋಗಿ ಸಹಜ ಗುಂಗುರು ಬಂತು. ಸೊಂಟಪಟ್ಟಿ ಎದೆಯ ಕೆಳಗೆ ಏರಿತು, ಭಾರದ ರೇಷ್ಮೆ ಬಿಟ್ಟು ತೆಳು ಬಿಳಿ ಮಸ್ಲಿನ್ ಉಟ್ಟರು. ಆ ಮಸ್ಲಿನ್, ಭುಜದ ಮೇಲಿನ ಕಾಶ್ಮೀರಿ ಶಾಲು ನಮ್ಮ ದೇಶದಿಂದ ಯುರೋಪಿಗೆ ಹೋಗಿ ಫ್ಯಾಷನ್ ಆದವು. ನಿಮ್ಮ ಹುಡುಗಿ ಈ ಸಾಲಿನಲ್ಲಿ 1780ರ ದಶಕದ ಹತ್ತಿರ ನಿಲ್ಲುತ್ತಾಳೆ. ರಾಜಧಾನಿಯಿಂದ ದೂರದ ಊರುಗಳಲ್ಲಿ ಫ್ಯಾಷನ್ ತಡವಾಗಿ ತಲುಪುತ್ತಿತ್ತು, ಹಾಗಾಗಿ ಐದಾರು ವರ್ಷ ಆಚೀಚೆ ಬಿಡೋಣ.

ಆದರೆ ನನ್ನ ಕಣ್ಣು ನಿಂತದ್ದು ನೀಲಿ ರಿಬ್ಬನ್ ಮೇಲೆ. ನೀವು ಅದನ್ನು 'ಹೊಳೆಯುವ ಒಡವೆ' ಎಂದಿದ್ದೀರಿ. ನನ್ನ ಅನುಮಾನ, ಅದು ಸುಮ್ಮನೆ ಒಡವೆಯಲ್ಲ, ಅಕ್ಷರ.

ರಷ್ಯದ ಆಸ್ಥಾನದಲ್ಲಿ ಹೆಂಗಸರ ಎದೆಯ ಮೇಲಿನ ಗುರುತುಗಳಿಗೆ ಕಟ್ಟುನಿಟ್ಟಾದ ಅರ್ಥವಿತ್ತು. ಹೆಂಗಸರಿಗೆಂದೇ ಒಂದು ಗೌರವ ಪದಕವಿತ್ತು, ಸೇಂಟ್ ಕ್ಯಾಥರೀನ್ ಪದಕ. ಪೀಟರ್ ದೊರೆ ಅದನ್ನು 1714ರಲ್ಲಿ ಶುರು ಮಾಡಿದ. ಅದರ ಕೆಂಪು ಪಟ್ಟಿಗೆ ಬೆಳ್ಳಿಯ ಅಂಚು. ರಾಣಿಗೆ ಹತ್ತಿರದ, ಮದುವೆಯಾದ ದೊಡ್ಡ ಮನೆತನದ ಹೆಂಗಸರಿಗೆ 'ಸ್ತಾತ್ಸ್-ದಾಮಾ' ಎಂಬ ಹುದ್ದೆ. ಅವರು ವಜ್ರದ ಕಟ್ಟಿನೊಳಗೆ ರಾಣಿಯ ಪುಟ್ಟ ಭಾವಚಿತ್ರವನ್ನು ಬಲ ಎದೆಯ ಮೇಲೆ ಧರಿಸುತ್ತಿದ್ದರು. ಅಲೆಕ್ಸೇಯ್ ಅಂತ್ರೊಪೊವ್ 1759ರಲ್ಲಿ ಬರೆದ ಇಜ್ಮಾಯ್ಲೊವಾಳ ಚಿತ್ರದಲ್ಲಿ ಅಂಥದ್ದನ್ನು ನೋಡಬಹುದು. ಕೆಂಪು ಬಳಿದ ಕೆನ್ನೆ, ಗಟ್ಟಿ ನೋಟ, ಎದೆಯ ಮೇಲೆ ಯೆಲಿಜವೆತಾ ರಾಣಿ.

ಮದುವೆಯಾಗದ ಹುಡುಗಿಯರ ಹುದ್ದೆ ಬೇರೆ. ಅವರು 'ಫ್ರೇಲಿನಾ', ರಾಣಿಯ ಸಖಿಯರು. ಅವರಿಗೆ ಸಿಗುತ್ತಿದ್ದದ್ದು 'ಶಿಫ್ರ್', ಅಂದರೆ ವಜ್ರ ಕೂರಿಸಿದ ರಾಣಿಯ ಹೆಸರಿನ ಅಕ್ಷರ. ಅದನ್ನು ತಿಳಿನೀಲಿ ರಿಬ್ಬನ್ ಗಂಟಿನ ಮೇಲೆ ಎಡ ಎದೆಗೆ ಚುಚ್ಚಿಕೊಳ್ಳುತ್ತಿದ್ದರು. ಆಕೆಯ ಎಡ ಅಂದರೆ ನಾವು ನೋಡುವಾಗ ಬಲ. ನಿಮ್ಮ ಚಿತ್ರದಲ್ಲಿ ಅದು ಸರಿಯಾಗಿ ಅಲ್ಲೇ ಇದೆ.

ಯಾವ ಅಕ್ಷರ ಎಂದು ದಯವಿಟ್ಟು ಹತ್ತಿರದಿಂದ ಫೋಟೋ ತೆಗೆದು ಕಳಿಸಿ. ಎರಡನೇ ಕ್ಯಾಥರೀನ್‌ಳ ಹೆಸರು ರಷ್ಯನ್‌ನಲ್ಲಿ ಯೆಕಾತೆರೀನಾ. ಅದರ ಮೊದಲ ಅಕ್ಷರ ನೋಡಲು ಇಂಗ್ಲಿಷಿನ 'ಇ' ಥರವೇ ಇರುತ್ತದೆ. ಜೊತೆಗೆ ರೋಮನ್ ಸಂಖ್ಯೆಯ ಎರಡು ಕಡ್ಡಿ ಇದ್ದರೆ ಅವಳೇ. ಯೆಲಿಜವೆತಾ ರಾಣಿಯ ಹೆಸರೂ ಅದೇ ಅಕ್ಷರದಿಂದ ಶುರುವಾಗುತ್ತದೆ, ಆದರೆ ನಿಮ್ಮ ಹುಡುಗಿಯ ಕೂದಲು ಆ ಕಾಲದ್ದಲ್ಲ. ಕ್ಯಾಥರೀನ್ ತೀರಿಕೊಂಡದ್ದು 1796ರಲ್ಲಿ. ಆಮೇಲೆ ರಾಣಿಯಾದವಳು ಮರಿಯಾ ಫ್ಯೋದೊರೊವ್ನಾ, ಅಲ್ಲಿ 'ಎಮ್' ಬರುತ್ತದೆ. ಒಂದು ಅಕ್ಷರದಿಂದ ಚಿತ್ರದ ಕಾಲ ಎಷ್ಟು ಬಿಗಿಯಾಗುತ್ತದೆ ನೋಡಿ.

ಈಗ ನಿಮ್ಮ ಮನೆಯ ಮಾತಿಗೆ ಬರುತ್ತೇನೆ. 'ಫ್ಯೂರ್ಸ್ಟಿನ್' ಎಂದರೆ ಜರ್ಮನ್‌ನಲ್ಲಿ ಪ್ರಿನ್ಸ್‌ನ ಹೆಂಡತಿ. ಮಗಳಾದರೆ 'ಪ್ರಿನ್ಸೆಸ್ಸಿನ್' ಎನ್ನುತ್ತಾರೆ. ರಷ್ಯನ್‌ನಲ್ಲೂ ಹೆಂಡತಿಗೆ 'ಕ್ನ್ಯಾಗೀನ್ಯಾ', ಮದುವೆಯಾಗದ ಮಗಳಿಗೆ 'ಕ್ನ್ಯಾಝ್ನಾ'. ಮದುವೆಯಾದರೆ ಫ್ರೇಲಿನಾ ಹುದ್ದೆ ಬಿಡಬೇಕಿತ್ತು. ಎದೆಯ ಮೇಲೆ ಶಿಫ್ರ್ ಇರುವ ಈ ಹುಡುಗಿ, ಚಿತ್ರ ಬರೆಸಿಕೊಂಡ ದಿನ ಹೆಚ್ಚಾಗಿ ಯಾರ ಹೆಂಡತಿಯೂ ಅಲ್ಲ. ಗೊಲಿತ್ಸಿನ್ ಮನೆಯ ಮಗಳಾಗಿರಬಹುದು. ಅಥವಾ ಬೇರೆ ಮನೆಯಲ್ಲಿ ಹುಟ್ಟಿ ಮುಂದೆ ಗೊಲಿತ್ಸಿನ್ ಸೊಸೆಯಾಗಿ, ಚಿತ್ರ ಆ ಮನೆಗೆ ಬಂದು, ನೆನಪಿನಲ್ಲಿ ಸೊಸೆಯ ಹೆಸರೇ ಉಳಿದಿರಬಹುದು. ಎರಡನೆಯದೇ ನನಗೆ ಜಾಸ್ತಿ ಸರಿ ಅನಿಸುತ್ತದೆ. ಮನೆಯ ಹಿರಿಯರು ಹೇಳುವ ಹೆಸರುಗಳು ಪೂರ್ತಿ ಸುಳ್ಳಾಗುವುದು ಕಡಿಮೆ. ಅವು ಸ್ವಲ್ಪ ಸರಿದಿರುತ್ತವೆ.

ಒಂದು ಎಚ್ಚರಿಕೆ. ಗೊಲಿತ್ಸಿನ್ ಎಂದರೆ ರಷ್ಯದ ಅತಿ ದೊಡ್ಡ ಪ್ರಿನ್ಸ್ ಮನೆತನಗಳಲ್ಲಿ ಒಂದು. ಆ ಹೆಸರಿನ ಹೆಂಗಸರು ಒಂದೇ ಕಾಲದಲ್ಲಿ ಹತ್ತಾರು ಜನ ಇದ್ದರು. ಅವರಲ್ಲಿ ಎಲ್ಲರಿಗೂ ಗೊತ್ತಿರುವವಳು ನತಾಲ್ಯಾ ಪೆತ್ರೊವ್ನಾ. ರಷ್ಯದ ಸಾಹಿತಿ ಪುಷ್ಕಿನ್ ಬರೆದ ಕತೆಯೊಂದರ ಇಸ್ಪೀಟು ಗುಟ್ಟಿನ ಮುದುಕಿಗೆ ಈಕೆಯೇ ಮಾದರಿ ಎಂದು ಆಗಿನ ಆಸ್ಥಾನದವರೇ ಆಡಿಕೊಳ್ಳುತ್ತಿದ್ದರು. ಹಾಗಾಗಿ ಹೆಸರಿಲ್ಲದ ಯಾವ ಚಿತ್ರ ಸಿಕ್ಕರೂ ಮಾರುವವರು ಈಕೆಯ ಕಡೆ ಕೈ ತೋರಿಸುತ್ತಾರೆ. ನಿಮ್ಮ ಚಿತ್ರ ಅವಳದ್ದಾಗಲಾರದು. ಅವಳು 1740ರ ದಶಕದ ಆರಂಭದಲ್ಲಿ ಚೆರ್ನಿಶೆವ್ ಮನೆಯಲ್ಲಿ ಹುಟ್ಟಿದವಳು. 1766ರಲ್ಲೇ ಮದುವೆಯಾಗಿತ್ತು. 1780ರ ದಶಕದಲ್ಲಿ ಅವಳು ಮಕ್ಕಳ ತಾಯಿ, ನಲವತ್ತು ದಾಟಿದವಳು.

ಇಲ್ಲಿಂದ ಮುಂದೆ ಹುಡುಕುವ ಕೆಲಸ ಪಟ್ಟಿಗಳದು. ಪಾವೆಲ್ ಕರಾಬಾನೊವ್ ಎಂಬ ಸಂಗ್ರಾಹಕ 18ನೇ ಶತಮಾನದ ಸ್ತಾತ್ಸ್-ದಾಮಾ ಮತ್ತು ಫ್ರೇಲಿನಾಗಳ ಪಟ್ಟಿ ಮಾಡಿಟ್ಟಿದ್ದ. ಅವನು ತೀರಿಕೊಂಡ ಮೇಲೆ 1870ರ ಸುಮಾರಿಗೆ ಅದು ಅಚ್ಚಾಯಿತು. ಯಾರು, ಯಾರ ಮಗಳು, ಮುಂದೆ ಯಾರನ್ನು ಮದುವೆಯಾದಳು ಎಂದು ಅದರಲ್ಲಿ ಸಿಗುತ್ತದೆ. ಕ್ಯಾಥರೀನ್ ಕಾಲದ ಫ್ರೇಲಿನಾಗಳಲ್ಲಿ 1780ರ ದಶಕದಲ್ಲಿ ಇಪ್ಪತ್ತರ ಆಸುಪಾಸಿನವರನ್ನು ತೆಗೆಯಬೇಕು. ಅವರಲ್ಲಿ ಗೊಲಿತ್ಸಿನ್ ಮನೆಯಲ್ಲಿ ಹುಟ್ಟಿದವರು, ಗೊಲಿತ್ಸಿನ್‌ರನ್ನು ಮದುವೆಯಾದವರು ಎಷ್ಟು ಎಂದು ಸೋಸಬೇಕು. ಕೈಬೆರಳಲ್ಲಿ ಎಣಿಸುವಷ್ಟು ಹೆಸರು ಉಳಿದರೆ ಆಮೇಲೆ ಅವರ ಬೇರೆ ಚಿತ್ರಗಳ ಜೊತೆ ಮುಖ ಹೋಲಿಸುವುದು. ಆ ಹೋಲಿಕೆಯನ್ನು ಮೊದಲೇ ಮಾಡಬಾರದು. ಅದೇ ಕೂದಲು, ಅದೇ ಪೌಡರ್, ಅದೇ ತೆಳುನಗು ಇದ್ದರೆ ಯಾರನ್ನು ಬೇಕಾದರೂ ಯಾರಿಗೋ ಹೋಲಿಸಬಹುದು.

ಆದರೆ ಇಷ್ಟೆಲ್ಲ ಲೆಕ್ಕ ನಿಂತಿರುವುದು ಆ ಶಿಫ್ರ್ ಚಿತ್ರದ ಜೊತೆಗೇ ಬರೆದದ್ದು ಎಂಬ ನಂಬಿಕೆಯ ಮೇಲೆ. ನನಗೆ ಇಲ್ಲಿ ಒಮ್ಮೆ ಪೆಟ್ಟು ಬಿದ್ದಿದೆ. ವರ್ಷಗಳ ಹಿಂದೆ ಒಂದು ಚಿತ್ರದಲ್ಲಿ ಸೇಂಟ್ ಕ್ಯಾಥರೀನ್ ಪದಕದ ಕೆಂಪು ಪಟ್ಟಿ ನೋಡಿ, ಇದು ರಷ್ಯನ್ ಹೆಂಗಸೇ ಎಂದು ಬರೆದುಕೊಟ್ಟೆ. ಆಮೇಲೆ ಸೂಕ್ಷ್ಮದರ್ಶಕದಡಿ ಇಟ್ಟಾಗ ಆ ಕೆಂಪು ಬಣ್ಣ ಹಳೆಯ ಬಿರುಕುಗಳ ಒಳಗೆ ಇಳಿದಿತ್ತು. ಅಂದರೆ ಬಿರುಕು ಬಿಟ್ಟ ಎಷ್ಟೋ ಕಾಲದ ನಂತರ ಪಟ್ಟಿ ಬಳಿದಿದ್ದಾರೆ. ಕೆಳಗೆ ಇದ್ದದ್ದು ಯಾವ ಗುರುತೂ ಇಲ್ಲದ ಸಾದಾ ಉಡುಪು. ರಷ್ಯನ್ ಚಿತ್ರಕ್ಕೆ ಬೆಲೆ ಬಂದಾಗ ಬೇರೆ ದೇಶದ ಹೆಂಗಸಿಗೆ ರಷ್ಯನ್ ಗುರುತು ತೊಡಿಸಿದ್ದರು. ನನ್ನ ಬರಹ ನಂಬಿದವರಿಗೆ ನಾನು ಪತ್ರ ಬರೆದು ತಪ್ಪು ಒಪ್ಪಿಕೊಳ್ಳಬೇಕಾಯಿತು. ಅಂದಿನಿಂದ ಇಂಥ ಗುರುತು ಕಂಡರೆ ಮೊದಲು ಬಿರುಕು ನೋಡುತ್ತೇನೆ. ಮುಖದ ಬಿರುಕುಗಳು ರಿಬ್ಬನ್ ಮೇಲೂ ಕಡಿಯದೆ ಮುಂದುವರಿದಿದ್ದರೆ ಒಳ್ಳೆಯದು. ರಿಬ್ಬನ್ ಬಣ್ಣ ಬಿರುಕನ್ನು ತುಂಬಿದ್ದರೆ ಅದು ಆಮೇಲೆ ಸೇರಿದ್ದು.

ಆ ನೀಲಿಯೂ ಸಾಕ್ಷಿ ಹೇಳುತ್ತದೆ. 18ನೇ ಶತಮಾನದ ಚಿತ್ರಕಾರರ ನೀಲಿ ಹೆಚ್ಚಾಗಿ ಪ್ರಷ್ಯನ್ ಬ್ಲೂ. ಆ ಶತಮಾನದ ಮೊದಲ ವರ್ಷಗಳಲ್ಲಿ ಬರ್ಲಿನ್‌ನಲ್ಲೇ, ನಿಮ್ಮ ಊರಲ್ಲೇ, ಆಕಸ್ಮಿಕವಾಗಿ ಸಿಕ್ಕಿದ ಬಣ್ಣ. ಪರೀಕ್ಷೆಯಲ್ಲಿ ಕೋಬಾಲ್ಟ್ ಬ್ಲೂ ಕಂಡರೆ ಅದು 1802ರ ನಂತರದ್ದು. ಕೃತಕ ಅಲ್ಟ್ರಾಮರೀನ್ ಆದರೆ 1820ರ ದಶಕದ ಕ‍ೊನೆಯಿಂದ ಈಚಿನದು. ಬಿಳಿಯಲ್ಲೂ ಹಾಗೇ. ಸೀಸದ ಬಿಳಿ ಇರಬೇಕು. ಟೈಟೇನಿಯಮ್ ಬಿಳಿ ಸಿಕ್ಕಿದರೆ 20ನೇ ಶತಮಾನದ ಕೈ ಅಲ್ಲಿ ಆಡಿದೆ. ಇಡೀ ಚಿತ್ರ ನಕಲಿ ಎಂದು ಆಗಲೂ ಹೇಳುವಂತಿಲ್ಲ, ಅಷ್ಟು ಜಾಗ ರಿಪೇರಿ ಆಗಿರಬಹುದು.

ಕೊನೆಗೆ ರೊಕೊತೊವ್.

ಅವನನ್ನು ನಾನು ಬಹಳ ಪ್ರೀತಿಸುತ್ತೇನೆ, ಅದಕ್ಕೇ ಅವನ ಹೆಸರನ್ನು ಸುಲಭವಾಗಿ ಕೊಡಲು ಮನಸ್ಸಾಗುವುದಿಲ್ಲ. 1730ರ ದಶಕದಲ್ಲಿ ಹುಟ್ಟಿ 1808ರಲ್ಲಿ ತೀರಿಕೊಂಡವನು. 1760ರ ದಶಕದ ನಡುವಿನಿಂದ ಮಾಸ್ಕೋದಲ್ಲೇ ಇದ್ದ. ಅಲ್ಲಿನ ಮನೆತನಗಳ ಚಿತ್ರ ಬರೆದ. ಚಿತ್ರಗಳಿಗೆ ಸಹಿ ಹಾಕಿದ್ದು ಬಹಳ ಕಡಿಮೆ. ಆ ಕಾರಣಕ್ಕೇ ಸಹಿಯಿಲ್ಲದ ಮೃದು ಮುಖದ ಚಿತ್ರಗಳೆಲ್ಲ ಅವನ ಹೆಸರಿಗೆ ಬಂದು ಸೇರುತ್ತವೆ. ಅವನು 1772ರಲ್ಲಿ ಬರೆದ ಅಲೆಕ್ಸಾಂದ್ರಾ ಸ್ತ್ರುಯ್ಸ್ಕಯಾಳ ಚಿತ್ರವನ್ನು ದೊಡ್ಡದಾಗಿ ಮಾಡಿಕೊಂಡು ನಿಮ್ಮ ಚಿತ್ರದ ಪಕ್ಕ ಇಟ್ಟು ನೋಡಿ. ಅಲ್ಲಿ ಮುಖ ಮುಸ್ಸಂಜೆಯಿಂದ ಮೆಲ್ಲಗೆ ಹೊರಬಂದಂತಿದೆ. ಕೂದಲು ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲು ಆಗುವುದಿಲ್ಲ. ಬಟ್ಟೆ ಹಗುರವಾದ ಕುಂಚದ ಸ್ಪರ್ಶಗಳಲ್ಲಿ ತೇಲುತ್ತದೆ, ಯಾವ ದಾರವನ್ನೂ ಅವನು ಎಣಿಸಿಲ್ಲ.

ನಿಮ್ಮ ಚಿತ್ರದ ಲೇಸ್ ನೋಡಿ. ಕಣ್ಣು ಕಣ್ಣಾಗಿ, ಎಳೆ ಎಳೆಯಾಗಿ ಬರೆದಿದ್ದಾನೆ. ರಿಬ್ಬನ್ನಿನ ಮಡಿಕೆಯ ಅಂಚು ಕತ್ತರಿಸಿಟ್ಟಂತೆ ಚೂಪಾಗಿದೆ. ಕೆನ್ನೆಯ ಗೆರೆ ಹಿನ್ನೆಲೆಯಿಂದ ಖಚಿತವಾಗಿ ಬೇರೆಯಾಗಿದೆ. ಬಟ್ಟೆ ಎಂದರೆ ಇವನಿಗೆ ಪ್ರಾಣ. ಒಳ್ಳೆಯ ಕೆಲಸಗಾರ, ಆದರೆ ಮನಸ್ಸು ಬೇರೆ.

ಇನ್ನೊಂದು ವಿಷಯ ಕೈ. ರೊಕೊತೊವ್‌ನ ಎದೆಮಟ್ಟದ ಚಿತ್ರಗಳಲ್ಲಿ ಸಾಮಾನ್ಯವಾಗಿ ಕೈಗಳೇ ಇರುವುದಿಲ್ಲ. ನಿಮ್ಮ ಹುಡುಗಿ ಗುಲಾಬಿ ಹಿಡಿದಿದ್ದಾಳೆ. ಅದೂ ವಿಚಿತ್ರವಾಗಿ ಹಿಡಿದಿದ್ದಾಳೆ, ಎರಡು ಬೆರಳು ಕೆಳ ಅಂಚಿನಲ್ಲಿ ತುಂಡಾಗಿವೆ. ಇಷ್ಟು ನಾಜೂಕಿನ ಕೆಲಸಗಾರ ಬೆರಳನ್ನು ಹಾಗೆ ಬಿಡುತ್ತಾನೆಯೇ? ಈ ಮೊಟ್ಟೆಯಾಕಾರ ಮೂಲದ್ದಲ್ಲ ಎಂದು ನನಗೆ ಬಲವಾದ ಅನುಮಾನ. ದೊಡ್ಡ ಚೌಕ ಚಿತ್ರವನ್ನು ಆಮೇಲೆ ಯಾರೋ ಕತ್ತರಿಸಿದ್ದಾರೆ. ಪರೀಕ್ಷಿಸಲು ದಾರಿಯಿದೆ. ಕ್ಯಾನ್ವಾಸನ್ನು ಮೊದಲ ಸಲ ಎಳೆದು ಮೊಳೆ ಹೊಡೆದಾಗ ಅಂಚಿನ ಎಳೆಗಳು ಮೊಳೆಯಿಂದ ಮೊಳೆಗೆ ಅಲೆಯಂತೆ ಬಾಗುತ್ತವೆ. ಮೇಲೆ ಹಚ್ಚಿದ ಲೇಪ ಒಣಗಿದಾಗ ಆ ಬಾಗು ಹಾಗೇ ಉಳಿದುಬಿಡುತ್ತದೆ. ಎಕ್ಸ್-ರೇ ತೆಗೆದಾಗ ನಾಲ್ಕೂ ಕಡೆ ಆ ಅಲೆ ಇಲ್ಲದಿದ್ದರೆ ಅಂಚು ಹೋಗಿದೆ ಎಂದರ್ಥ. ಅಂಚಿನ ಜೊತೆ ಸಹಿಯೂ ಹೋಗಿರಬಹುದು. ಇದನ್ನು ಯೋಚಿಸಿದಾಗ ಹೊಟ್ಟೆ ಉರಿಯುತ್ತದೆ.

ಎಕ್ಸ್-ರೇ ಮಾತು ಬಂದದ್ದರಿಂದ ರೊಕೊತೊವ್‌ನದೇ ಒಂದು ಕತೆ ಹೇಳುತ್ತೇನೆ. ತ್ರೆತ್ಯಾಕೊವ್ ಗ್ಯಾಲರಿಯಲ್ಲಿ ಅವನ 'ಮೂರು ಮೂಲೆಯ ಟೋಪಿಯ ಅಪರಿಚಿತ' ಎಂಬ ಚಿತ್ರವಿದೆ, 1770ರ ದಶಕದ ಆರಂಭದ್ದು. ಕಪ್ಪು ಮೇಲಂಗಿ, ಟೋಪಿ, ನವಿರಾದ ಮುಖದ ಯುವಕ. ಎಕ್ಸ್-ರೇ ತೆಗೆದಾಗ ಒಳಗೆ ಹೆಣ್ಣಿನ ಕೂದಲು, ಹೆಣ್ಣಿನ ಉಡುಪು ಕಂಡವು. ಮುಖ ಮಾತ್ರ ಅದೇ. ಒಬ್ಬ ಹೆಂಗಸಿನ ಚಿತ್ರಕ್ಕೆ ಮುಖ ಹಾಗೇ ಉಳಿಸಿ ಗಂಡಸಿನ ವೇಷ ಬಳಿದಿದ್ದರು. ಚಿತ್ರ ಬಂದದ್ದು ಸ್ತ್ರುಯ್ಸ್ಕಿ ಮನೆಯಿಂದ. ಅಲೆಕ್ಸಾಂದ್ರಾಳ ಗಂಡನಿಗೆ ಅವಳಿಗಿಂತ ಮೊದಲು ಇನ್ನೊಬ್ಬ ಹೆಂಡತಿ ಇದ್ದಳು, ಚಿಕ್ಕ ವಯಸ್ಸಿಗೇ ತೀರಿಕೊಂಡಳು. ಒಳಗಿರುವವಳು ಆಕೆ, ಎರಡನೇ ಮದುವೆಯಾದಾಗ ಆಕೆಯ ಚಿತ್ರವನ್ನು ಹೀಗೆ ಮರೆಮಾಚಿದರು ಎಂದು ಕೆಲವು ಸಂಶೋಧಕರ ಊಹೆ. ಬೇರೆ ಊಹೆಗಳೂ ಇವೆ. ನಾನು ಆ ಚಿತ್ರದ ಮುಂದೆ ನಿಂತಾಗಲೆಲ್ಲ ಆ ಮುಖವನ್ನು ಅಳಿಸದೆ ಬಿಟ್ಟ ಕೈಯನ್ನು ನೆನೆಯುತ್ತೇನೆ.

ಎಕ್ಸ್-ರೇಯಲ್ಲಿ ಇನ್ನೊಂದು ಮುಖ್ಯ ಸಂಗತಿ ತಿಳಿಯುತ್ತದೆ. ಎದುರಿಗೆ ಮನುಷ್ಯರನ್ನು ಕೂರಿಸಿ ಬರೆಯುವಾಗ ಕಲಾವಿದ ಮನಸ್ಸು ಬದಲಾಯಿಸುತ್ತಾನೆ. ಭುಜ ಇಳಿಸುತ್ತಾನೆ, ಕಿವಿ ಸರಿಸುತ್ತಾನೆ. ನಕಲು ಮಾಡುವವನಿಗೆ ಆ ಗೊಂದಲವಿಲ್ಲ, ಎಲ್ಲ ಮೊದಲ ಸಲಕ್ಕೇ ಸರಿ ಬರುತ್ತದೆ. ಜಮೀನ್ದಾರರ ಮನೆಗಳಲ್ಲಿ ಜೀತದ ಚಿತ್ರಕಾರರು ಮನೆಯವರ ಚಿತ್ರಗಳ ನಕಲು ಮಾಡಿ ನೆಂಟರಿಗೆ ಹಂಚುವುದು ಆಗ ಸಾಮಾನ್ಯವಾಗಿತ್ತು. ನಿಮ್ಮ ಚಿತ್ರದಲ್ಲಿ ಎಡ ಭುಜದ ಮೇಲೆ ತೆಳುವಾದ ಇನ್ನೊಂದು ಗೆರೆ ಕಂಡಂತಾಯಿತು. ತಿದ್ದಿದ ಗುರುತೇ ಆಗಿದ್ದರೆ ಇದು ನಕಲಲ್ಲ, ಹುಡುಗಿಯನ್ನು ಎದುರು ಕೂರಿಸಿ ಬರೆದದ್ದು.

ರೊಕೊತೊವ್ ಅಲ್ಲದಿದ್ದರೆ ಯಾರು? ಸಖಿಯರು ಇದ್ದದ್ದು ಪೀಟರ್ಸ್‌ಬರ್ಗ್‌ನಲ್ಲಿ. ಅಲ್ಲಿ ಆಗ ಬಟ್ಟೆಯ ಹೊಳಪನ್ನು ಕೈಯಲ್ಲಿ ಮುಟ್ಟುವಂತೆ ಬರೆಯುತ್ತಿದ್ದವನು ಲೆವಿತ್ಸ್ಕಿ. ಸ್ಮೋಲ್ನಿ ಶಾಲೆಯ ಹುಡುಗಿಯರನ್ನು 1770ರ ದಶಕದಲ್ಲಿ ಅವನು ಬರೆದ ಏಳು ದೊಡ್ಡ ಚಿತ್ರಗಳು ರಷ್ಯನ್ ಮ್ಯೂಸಿಯಮ್‌ನಲ್ಲಿವೆ. ಆದರೆ ನಿಮ್ಮ ಚಿತ್ರದ ಗುಲಾಬಿ ಹಿಡಿದ ಕೈಯಲ್ಲಿ ಎಲುಬಿಲ್ಲ, ಲೆವಿತ್ಸ್ಕಿ ಹಾಗೆ ಬರೆಯುವುದಿಲ್ಲ. ಅವನ ಸುತ್ತಲಿನ ದ್ರೊಜ್ದಿನ್‌ನಂಥವರು, ಅಲ್ಲಿ ನೆಲೆಸಿ ಕೆಲಸ ಮಾಡಿದ ಕ್ರಿಸ್ಟಿನೆಕ್‌ನಂಥ ಜರ್ಮನ್ ಮೂಲದವರು, ಇವರ ಕೆಲಸದ ಜೊತೆ ಹೋಲಿಸಲು ನಾನು ಶುರು ಮಾಡುತ್ತೇನೆ. ಇವತ್ತು ಬರೆದುಕೊಡಿ ಎಂದರೆ ನಾನು ಬರೆಯುವುದು ಇಷ್ಟೇ: 'ಗೊತ್ತಿಲ್ಲದ ಕಲಾವಿದ, ಪೀಟರ್ಸ್‌ಬರ್ಗ್, 1780ರ ದಶಕ, ಕ್ಯಾಥರೀನ್ ರಾಣಿಯ ಸಖಿಯೊಬ್ಬಳ ಭಾವಚಿತ್ರ ಇರಬಹುದು'. ಕೆಲವರಿಗೆ ಇದು ಬೇಸರ ತರುತ್ತದೆ. ನನಗೆ ಸುಳ್ಳು ರೊಕೊತೊವ್‌ಗಿಂತ ಇದರ ಮೇಲೆ ಗೌರವ ಜಾಸ್ತಿ.

ಈಗ ನೀವು ಮಾಡಬೇಕಾದ್ದು. ಚಿತ್ರವನ್ನು ಒದ್ದೆ ಬಟ್ಟೆ, ಆಲೂಗಡ್ಡೆ, ಈರುಳ್ಳಿ, ಬ್ರೆಡ್ ಯಾವುದರಿಂದಲೂ ಉಜ್ಜಬೇಡಿ. ಹೀಟರ್ ಮೇಲಿನ ಗೋಡೆಯಿಂದ ತೆಗೆದುಬಿಡಿ. ಆ ಪೆನ್ಸಿಲ್ ಬರಹವನ್ನು ಒರೆಸಬೇಡಿ, ಮರದ ಪಟ್ಟಿಯನ್ನು ಬದಲಾಯಿಸಲು ಯಾರಿಗೂ ಬಿಡಬೇಡಿ. ರಾತ್ರಿ ದೀಪ ಆರಿಸಿ ಒಂದು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ಬಿರುಕು ಮತ್ತು ತಿದ್ದಿದ ಜಾಗ ಚೆನ್ನಾಗಿ ಕಾಣುತ್ತವೆ. ಆಮೇಲೆ ವಸ್ತುಸಂರಕ್ಷಣೆ ಕಲಿತ ಒಬ್ಬರ ಬಳಿ ನೇರಳಾತೀತ ಬೆಳಕಿನಲ್ಲಿ ನೋಡಿಸಿ. ಹಳೆಯ ವಾರ್ನಿಷ್ ಹಸಿರಾಗಿ ಮಿನುಗುತ್ತದೆ, ಆಮೇಲೆ ಬಳಿದ ಜಾಗಗಳು ಕಪ್ಪಾಗಿ ಕಾಣುತ್ತವೆ. ಎಕ್ಸ್-ರೇಗೆ ಖರ್ಚು ಮಾಡುವುದು ಅದರ ನಂತರ.

ನನಗೆ ಸದ್ಯಕ್ಕೆ ಬೇಕಾದ್ದು ಮೂರು ಫೋಟೋ: ಹಿಂಬದಿ ಪೂರ್ತಿ, ಕೆಳ ಅಂಚಿನ ಆ ಬೆರಳುಗಳು, ಮತ್ತು ನೀಲಿ ಗಂಟಿನ ಮೇಲಿನ ಒಡವೆ, ಎಷ್ಟು ಹತ್ತಿರದಿಂದ ಸಾಧ್ಯವೋ ಅಷ್ಟು. ಅದು ಕ್ಯಾಥರೀನ್‌ಳ ಅಕ್ಷರವೇ ಆಗಿದ್ದು, ಅದರ ಮೇಲೆ ಬಿರುಕುಗಳು ಕಡಿಯದೆ ಹಾದುಹೋಗಿದ್ದರೆ, ಕರಾಬಾನೊವ್ ಪಟ್ಟಿಯನ್ನು ನಾನೇ ತೆಗೆದು ಕೂರುತ್ತೇನೆ.